ಉಡದ ಪಟ್ಟು, ಹುಲಿಯ ಹಾಲು

ಬೀಳಗಿಯಿಂದ ಹೊರಟು, ಮುಧೋಳ ದಾಟಿ, ಜಮಖಂಡಿಯ ಮೇಲೆ ಹಾಯ್ದು ಬನಹಟ್ಟಿ-ರಬಕವಿ ಮುಟ್ಟುವುದು ಈಗ ಒಂದು ಮಧ್ಯಾಹ್ನದ ಕೆಲಸ. ಬಸ್ಸಿನ ಕಿಟಕಿಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಒಂದೇ. ಕಬ್ಬು, ಕಬ್ಬು ಹೇರಿಕೊಂಡು ಓಲಾಡುತ್ತ ಹೋಗುವ ಟ್ರ್ಯಾಕ್ಟರು, ಅದರ ಹಿಂದೆ ದಾರಿ ಸಿಗದೆ ಹಾರ್ನ್ ಹೊಡೆಯುವ ನಮ್ಮ ಡ್ರೈವರು, ನಡುನಡುವೆ ಅರಿಷಿಣದ ಹೊಲ, ಎಲ್ಲೋ ಗಾಣದ ಮನೆಯಿಂದ ತೇಲಿ ಬರುವ ಬೆಲ್ಲದ ಪಾಕದ ವಾಸನೆ. ನೂರು ವರ್ಷದ ಹಿಂದೆ ಇದೇ ಹಾದಿಯಲ್ಲಿ ಚಕ್ಕಡಿ ಹೂಡಿಕೊಂಡು ಹೊರಟವನಿಗೆ ನೆಲ ಹೀಗೆ ಒಂದೇ ಆಗಿರಲಿಲ್ಲ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ ಊರು. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ, ಮಹಾಲಿಂಗಪುರವೂ ಅವರದೇ. ಜಮಖಂಡಿ ಪಟವರ್ಧನರದು, ಬನಹಟ್ಟಿ ಜಮಖಂಡಿಯ ಕೈಕೆಳಗಿನದು. ಬನಹಟ್ಟಿಗೆ ಗೋಡೆ ಹಚ್ಚಿಕೊಂಡಂತೆ ಕೂತಿರುವ ರಬಕವಿ ಮಾತ್ರ ಸಾಂಗಲಿಯ ಪಟವರ್ಧನರ ಪಾಲು. ಒಂದು ಸಂಸ್ಥಾನದ ಮಗ್ಗದ ಸಪ್ಪಳ ಇನ್ನೊಂದು ಸಂಸ್ಥಾನಕ್ಕೆ ಕೇಳುತ್ತಿತ್ತು.

ನಾಲ್ಕು ಸರಕಾರ ಅಂದಮೇಲೆ ಕಾಗದದ ಮೇಲೆ ನಾಲ್ಕು ಮೊಹರು, ಕಚೇರಿಯ ಮೇಲೆ ನಾಲ್ಕು ಧ್ವಜ. ಅವುಗಳಲ್ಲಿ ಮುಧೋಳದ್ದೇ ನೋಡಲು ವಿಚಿತ್ರ. ತ್ರಿಕೋನಾಕಾರದ ಬಟ್ಟೆ. ಮೇಲೆ ಬಿಳಿ, ನಡುವೆ ಕಪ್ಪು, ಕೆಳಗೆ ಹಸಿರು. ಮೂರು ಪಟ್ಟಿಗಳೂ ಕೋಲಿನ ಕಡೆ ಅಗಲವಾಗಿ ಹೊರಟು, ಸಣ್ಣಗಾಗುತ್ತ ಹೋಗಿ, ತುದಿಯಲ್ಲಿ ಒಂದೇ ಮೊನೆಯಾಗುತ್ತವೆ. ಸಂಸ್ಥಾನದ ಲೆಕ್ಕದಲ್ಲಿ ಅದರ ಹೆಸರೂ ‘ಬಾವುಟ’ ಎಂದೇ. ಮರಾಠಾ ಮನೆತನದ ಧ್ವಜ ಎಂದ ಕೂಡಲೇ ನಮ್ಮ ಕಣ್ಣು ಭಗವೆಯನ್ನು ಹುಡುಕುತ್ತದೆ. ಇಲ್ಲಿ ಅದರ ಒಂದೆಳೆಯೂ ಇಲ್ಲ. ಈ ಮನೆತನ ಬೆಳೆದದ್ದು ಬಹಮನಿ ಸುಲ್ತಾನರ, ಆಮೇಲೆ ವಿಜಾಪುರದ ಆದಿಲಶಾಹಿಯ ಸೇವೆಯಲ್ಲಿ ಎಂಬುದನ್ನು ನೆನೆದರೆ ಭಗವೆ ಇಲ್ಲದ್ದು ಅಂಥ ಸೋಜಿಗವೇನಲ್ಲ.

ಬಾವುಟಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆತನದ ಹೆಸರು. ಘೋರ್ಪಡ್ ಅಂದರೆ ಮರಾಠಿಯಲ್ಲಿ ಉಡ. ನಮ್ಮ ಹೊಲದ ಒಡ್ಡಿನಲ್ಲಿ ಇರುವ, ಮನೆ ಹೊಕ್ಕರೆ ಅಪಶಕುನ ಎನ್ನಿಸಿಕೊಳ್ಳುವ, ಕಂಡವರು ಕಲ್ಲೆಸೆಯುವ ಅದೇ ಉಡ.

ಕಥೆ ಹೀಗಿದೆ. ಮುಧೋಳದ ಅರಸರು ತಮ್ಮನ್ನು ಚಿತ್ತೋಡದ ಸಿಸೋದಿಯಾ ರಜಪೂತರ ಕುಡಿ ಎಂದು ಹೇಳಿಕೊಳ್ಳುತ್ತಿದ್ದರು. 14ನೆಯ ಶತಮಾನದಲ್ಲಿ ದಖ್ಖನಿಗೆ ಇಳಿದು ಬಹಮನಿಗಳ ಸೈನ್ಯ ಸೇರಿದರಂತೆ. ಮೂರನೆಯ ಮಹಮ್ಮದ್ ಶಹಾನ ವಜೀರ ಮಹಮೂದ್ ಗವಾನ್ ಕೊಂಕಣದ ಕೋಟೆಗಳ ಮೇಲೆ ದಂಡೆತ್ತಿ ಹೋದಾಗ ಖೇಳಣಾ ಕೋಟೆ, ಎಂದರೆ ಇವತ್ತಿನ ವಿಶಾಳಗಡ, ಏನು ಮಾಡಿದರೂ ಬಗ್ಗಲಿಲ್ಲ. ಆಗ ಈ ಮನೆತನದ ಕರ್ಣಸಿಂಹ ಮತ್ತು ಅವನ ಮಗ ಭೀಮಸಿಂಹ ಉಡದ ನಡುವಿಗೆ ಹಗ್ಗ ಬಿಗಿದು ಗೋಡೆ ಹತ್ತಿಸಿದರು. ಉಡ ಮೇಲೆ ಹೋಗಿ ಕಲ್ಲಿನ ಸಂದಿಯಲ್ಲಿ ಉಗುರೂರಿತು. ಹಗ್ಗ ಹಿಡಿದು ಜನ ಏರಿದರು. ಕರ್ಣಸಿಂಹ ಆ ಕಾಳಗದಲ್ಲೇ ಬಿದ್ದ. ಮಗನಿಗೆ 1471ರಲ್ಲಿ ಸುಲ್ತಾನ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದು ಕೊಟ್ಟ. ಮನೆತನ ಹಳೆಯ ಅಡ್ಡಹೆಸರನ್ನು ಅಲ್ಲೇ ಬಿಟ್ಟು ಹಲ್ಲಿಯ ದೊಡ್ಡಣ್ಣನ ಹೆಸರು ಹೊತ್ತುಕೊಂಡಿತು.

ನಂಬುವುದೋ ಬಿಡುವುದೋ? ಮೊದಲು ಉಡವನ್ನು ಹತ್ತಿರದಿಂದ ನೋಡಬೇಕು. ಮುಂಜಾನೆಯ ಎಳೆಬಿಸಿಲಿಗೆ ಅದು ಒಡ್ಡಿನ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಚಾಚಿಕೊಂಡಿರುತ್ತದೆ. ಮೈ ಒಣಗಿದ ಎರೆಮಣ್ಣಿನ ಬಣ್ಣ, ಅದರ ಮೇಲೆ ಮಾಸಲು ಹಳದಿ ಚುಕ್ಕಿ. ಕತ್ತು ಉದ್ದ. ಕತ್ತಿನ ಚರ್ಮ ಸಡಿಲಾಗಿ ನೆರಿಗೆ ಬಿದ್ದಿರುತ್ತದೆ. ಎರಡಾಗಿ ಸೀಳಿದ ನಾಲಿಗೆ ಗಳಿಗೆಗೊಮ್ಮೆ ಹೊರಬಂದು ಗಾಳಿ ಸವರಿ ಒಳಗೆ ಹೋಗುತ್ತದೆ. ಇಲಿ ಎಲ್ಲಿದೆ, ಹಕ್ಕಿಯ ತತ್ತಿ ಎಲ್ಲಿದೆ ಎಂದು ಅದು ಪತ್ತೆ ಮಾಡುವುದು ಆ ನಾಲಿಗೆಯಿಂದಲೇ. ಕಾಲು ಗಿಡ್ಡ, ಆದರೆ ಒಂದೊಂದರಲ್ಲೂ ಐದು ಬೆರಳು, ಬೆರಳಿಗೊಂದು ಬಾಗಿದ ಉಗುರು. ನೆರಳು ಬಿದ್ದರೆ ಸಾಕು, ಸಪ್ಪಳ ಮಾಡದೆ ಜಾರುತ್ತದೆ. ಬೆನ್ನಟ್ಟಿದರೆ ಕಲ್ಲಿನ ಬಿರುಕಿಗೆ ನುಗ್ಗುತ್ತದೆ. ಆಟ ಶುರುವಾಗುವುದು ಅಲ್ಲಿಂದ. ಒಳಗೆ ಹೊಕ್ಕ ಉಡ ಗಾಳಿ ಎಳೆದುಕೊಂಡು ಮೈ ಉಬ್ಬಿಸುತ್ತದೆ. ಪಕ್ಕೆಲುಬು ಎರಡೂ ಕಡೆಯ ಕಲ್ಲಿಗೆ ಒತ್ತಿ ನಿಲ್ಲುತ್ತದೆ. ಉಗುರು ಊರುವುದು ಅದರ ಮೇಲೆ. ಬಾಲ ಹಿಡಿದು ನೀವು ಎಷ್ಟು ಜಗ್ಗಿದರೆ ಅದು ಅಷ್ಟು ಬಿಗಿಯಾಗುತ್ತದೆ. ನಮ್ಮವರು ಉಡದ ಪಟ್ಟು ಎಂದದ್ದು ಸುಮ್ಮನೆ ಅಲ್ಲ.

ಇಷ್ಟಾದರೂ ಒಳ್ಳೆ ಬೆಳೆದ ಉಡ ಏಳು ಕಿಲೋ ತೂಗಿದರೆ ಹೆಚ್ಚು. ಡಾಲು-ಕತ್ತಿ ಕಟ್ಟಿಕೊಂಡ ಆಳಿನ ಭಾರವನ್ನು ಅದು ಬಯಲು ಗೋಡೆಯ ಮೇಲೆ ತಡೆಯುವುದು ಆಗದ ಮಾತು. ಸಂದಿಯೊಂದರಲ್ಲಿ ಉಬ್ಬಿ ಕೂತಿದ್ದರೆ, ಏರುವವನು ಹುಡುಗನಾಗಿದ್ದರೆ, ಅವನ ಅರ್ಧ ಭಾರ ಕಾಲಿನ ಮೇಲೇ ಇದ್ದರೆ ಎಂದು ವಾದ ಬೆಳೆಸಬಹುದು. ನಾನು ಬೆಳೆಸುವುದಿಲ್ಲ. ಯಾಕೆಂದರೆ ಇದೇ ಕಥೆ ಇನ್ನೂರು ವರ್ಷದ ನಂತರ ಇನ್ನೊಂದು ಕಡೆ ಮತ್ತೆ ಬರುತ್ತದೆ. 1670ರಲ್ಲಿ ತಾನಾಜಿ ಸಿಂಹಗಡ ಏರಿದ್ದೂ ಯಶವಂತಿ ಎಂಬ ಉಡದ ಬೆನ್ನಿಗೆ ಹಗ್ಗ ಕಟ್ಟಿಯೇ ಎಂದು ಮರಾಠಿ ಪೋವಾಡಗಳು ಹಾಡುತ್ತವೆ. ಒಂದೇ ಉಡ ಎರಡು ಕೋಟೆ ಹತ್ತಿದೆ ಎಂದಮೇಲೆ ಅದು ಇತಿಹಾಸಕ್ಕಿಂತ ಹೆಚ್ಚಾಗಿ ಹಾಡುಗಾರರ ಸ್ವತ್ತು.

ಆದರೂ ಉಡವೇ ನನಗೆ ಮೆಚ್ಚು. ಲೋಕದ ಅರಸರೆಲ್ಲ ಸಿಂಹವನ್ನು ಆರಿಸಿಕೊಂಡರು. ಕಾಡುಸಿಂಹವನ್ನು ಕಣ್ಣಾರೆ ಕಾಣದವರೂ ಅದರ ಬಾಯಿ ತೆರೆಸಿ ಗುರಾಣಿಯ ಮೇಲೆ ಕೂರಿಸಿದರು. ಘಟಪ್ರಭೆಯ ದಂಡೆಯ ಈ ಮನೆತನ ಮಾತ್ರ ದಿನಾ ಕಣ್ಣೆದುರು ಓಡಾಡುವ, ರೂಪವಿಲ್ಲದ, ಬೇಡರು ಹೊಡೆದು ತಿನ್ನುತ್ತಿದ್ದ, ಚರ್ಮ ಸುಲಿದು ಖಂಜಿರಕ್ಕೆ ಬಿಗಿಯುವ ಪ್ರಾಣಿಯನ್ನು ತಲೆಯ ಮೇಲೆ ಹೊತ್ತಿತು. ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ನಾವು ಗೆದ್ದದ್ದು ಗರ್ಜಿಸಿ ಅಲ್ಲ, ಕಚ್ಚಿಕೊಂಡು ಎಂದು ಅವರೇ ಒಪ್ಪಿಕೊಂಡಂತೆ.

ಕಚ್ಚಿಕೊಂಡದ್ದು ಯಾರನ್ನು ಎಂದು ಕೇಳಿದರೆ ಚರಿತ್ರೆ ಸ್ವಲ್ಪ ಕಹಿ. ಘೋರ್ಪಡೆಯವರೂ ಭೋಸಲೆಯವರೂ ಮೂಲದಲ್ಲಿ ಒಂದೇ ಬಳ್ಳಿ ಎಂದು ಎರಡೂ ಮನೆಯವರ ಹೇಳಿಕೆ. 1648ರಲ್ಲಿ ಜಿಂಜಿಯ ಮುತ್ತಿಗೆಯ ಹೊತ್ತಿನಲ್ಲಿ ಆದಿಲಶಾಹಿಯ ಅಪ್ಪಣೆಯಂತೆ ಶಹಾಜಿ ಭೋಸಲೆಯನ್ನು ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆ ಮುಖ್ಯನಾದವನು. ಶಹಾಜಿಯ ಮಗ ಅದನ್ನು ಮರೆಯಲಿಲ್ಲ. 1664ರಲ್ಲಿ ಶಿವಾಜಿ ಮುಧೋಳದ ಮೇಲೆ ಬಿದ್ದು ಬಾಜಿಯನ್ನು ಕೊಂದ. ಹದಿಮೂರು ವರ್ಷ ಕಳೆದ ಮೇಲೆ, 1677ರಲ್ಲಿ, ಗೋಲ್ಕೊಂಡದ ಕಡೆಗೆ ಹೋಗಿದ್ದ ಅದೇ ಶಿವಾಜಿ ಬಾಜಿಯ ಮಗ ಮಾಲೋಜಿಗೆ ಕಾಗದ ಬರೆದು, ಹಳೆಯ ಹಗೆ ಬಿಟ್ಟು ತನ್ನ ಕಡೆ ಬಾ ಎಂದು ಕರೆದ. ಮಾಲೋಜಿ ಹೋಗಲಿಲ್ಲ. ವಿಜಾಪುರಕ್ಕೆ ಅಂಟಿಕೊಂಡೇ ಉಳಿದ. ಹೆಸರಿಗೆ ತಕ್ಕ ನಡತೆ.

ಆ ಹೆಸರು ಮುಧೋಳದಲ್ಲೇ ನಿಲ್ಲಲಿಲ್ಲ. ಸಂಡೂರಿಗೆ ಹೋಯಿತು, ಗಜೇಂದ್ರಗಡಕ್ಕೆ ಹೋಯಿತು, ಮುರಾರಿರಾಯನ ಜೊತೆ ಗುತ್ತಿಯ ಕೋಟೆ ಹೊಕ್ಕಿತು. ಎಲ್ಲಕ್ಕಿಂತ ಮೋಜಿನದು ಇಚಲಕರಂಜಿಯದು. ನಾರೋ ಮಹಾದೇವ ಜೋಶಿ ಎಂಬ ಬ್ರಾಹ್ಮಣ ಸಂತಾಜಿ ಘೋರ್ಪಡೆಯ ಬಳಿ ಸೇವೆಗಿದ್ದು, ಧಣಿಯ ಮೇಲಿನ ಭಕ್ತಿಗೆ ತನ್ನ ಅಡ್ಡಹೆಸರನ್ನೇ ಘೋರ್ಪಡೆ ಎಂದು ಮಾಡಿಕೊಂಡ. ಪಂಚಾಂಗದ ಮನೆಗೆ ಉಡ ಹೊಕ್ಕಿತು! ಅವನ ಮನೆಯ ಪುರೋಹಿತರಾಗಿದ್ದವರು ಕೊಂಕಣದ ಕೋತವಡೆಯಿಂದ ಬಂದ ಹರಿಭಟ್ಟ ಪಟವರ್ಧನರು, ಗಣಪತಿಯ ಪರಮಭಕ್ತರು. ಹರಿಭಟ್ಟರ ಮಕ್ಕಳು ದರ್ಭೆ ಬಿಟ್ಟು ಕತ್ತಿ ಹಿಡಿದು ಪೇಶ್ವೆಯವರ ಸರದಾರರಾದರು. ಮಿರಜ ಅವರದಾಯಿತು. ಅಣ್ಣತಮ್ಮಂದಿರ ಪಾಲಿನಲ್ಲಿ ಸಾಂಗಲಿ ಬೇರೆಯಾಯಿತು, 1811ರಲ್ಲಿ ಜಮಖಂಡಿ ಬೇರೆಯಾಯಿತು. ಅಂದರೆ ಜಮಖಂಡಿಯ ಗಣಪತಿಯೂ ರಬಕವಿಯನ್ನು ಆಳಿದ ಸಾಂಗಲಿಯ ಗಣಪತಿಯೂ ಮೊದಲು ತಲೆಯೆತ್ತಿದ್ದು ಒಂದು ಉಡದ ನೆರಳಿನಲ್ಲಿ. ಇದನ್ನು ಜಮಖಂಡಿಯವರ ಮುಂದೆ ಗಟ್ಟಿಯಾಗಿ ಹೇಳಲು ನನಗೆ ಧೈರ್ಯ ಸಾಲದು. ಮುಧೋಳ-ಜಮಖಂಡಿಗಳ ನಡುವಿನ ನೆರೆಹೊರೆಯ ಬಿಗುಮಾನ ಸಂಸ್ಥಾನ ಹೋದರೂ ಹೋಗಿಲ್ಲ.

ಪ್ರಾಣಿಯ ಕಥೆ ಕಟ್ಟಿ ಮನೆತನಕ್ಕೆ ಹಣೆಪಟ್ಟಿ ಹಚ್ಚುವುದನ್ನು ಈ ಸೀಮೆಗೆ ಘೋರ್ಪಡೆಯವರು ಕಲಿಸಿದ್ದಲ್ಲ. ಬಾಗಲಕೋಟೆಯ ಹಳೆಯ ಹೆಸರು ಬಾಗಡಗೆ. ಅಲ್ಲಿ ಆಳಿದ ಸಿಂದರು ಹುಲಿ ಲಾಂಛನದವರು. ಯಾಕೆ ಹುಲಿ ಎಂಬುದಕ್ಕೆ ಬಾಗಲಕೋಟೆಯ ಹತ್ತಿರದ ಭೈರನಮಟ್ಟಿ ಎಂಬ ಹಳ್ಳಿಯ 11ನೆಯ ಶತಮಾನದ ಶಾಸನ ಉತ್ತರ ಹೇಳುತ್ತದೆ. ನಾಗರಾಜ ಧರಣೇಂದ್ರನಿಗೆ ಭೂಲೋಕದಲ್ಲಿ, ಅಹಿಚ್ಛತ್ರದಲ್ಲಿ, ಒಬ್ಬ ಮಗ ಹುಟ್ಟಿದ. ಹಾವಿನ ಮಗ, ಆದರೆ ಮನುಷ್ಯರೂಪ, ನೀಳವಾದ ತೋಳು. ಅವನನ್ನು ಸಾಕಿದ್ದು ಹುಲಿ. ಹುಲಿಯ ಹಾಲು ಕುಡಿದು ಬೆಳೆದವನೇ ಮೂಲಪುರುಷ ಸಿಂದ. ಹಾವು ಹೆತ್ತು ಹುಲಿ ಮೊಲೆಯುಣಿಸಿದ ಮಗು! ಯುರೋಪಿನವರು ರೋಮಿನ ತೋಳದ ಕಥೆಯನ್ನು ಲೋಕವೆಲ್ಲ ಸಾರಿ ಬಂದರು. ನಮ್ಮ ಭೈರನಮಟ್ಟಿಯ ಹುಲಿಯ ಹೆಸರನ್ನು ಪಕ್ಕದ ತಾಲೂಕಿನ ಹುಡುಗರೂ ಕೇಳಿಲ್ಲ.

ಸಿಂದರಿಗಿಂತ ಮೊದಲಿನ ಬಾದಾಮಿಯ ಚಾಲುಕ್ಯರದು ವರಾಹ. ಅವರ ತಾಮ್ರಶಾಸನಗಳ ಮೊದಲ ಸಾಲುಗಳಲ್ಲೇ ಅದರ ಬಡಿವಾರ ಬರುತ್ತದೆ. ಈ ಲಾಂಛನ ನಮಗೆ ನಾರಾಯಣನ ಕೃಪೆಯಿಂದ ಬಂದದ್ದು, ಇದನ್ನು ಕಂಡ ಕ್ಷಣವೇ ಉಳಿದ ಅರಸರು ವಶರಾಗುತ್ತಾರೆ ಎಂಬುದು ಅದರ ತಾತ್ಪರ್ಯ. ಬರೀ ಮಾತಲ್ಲ. ತಾಮ್ರದ ಹಾಳೆಗಳ ಅಂಚಿಗೆ ತೂತು ಕೊರೆದು, ಎಲ್ಲ ಹಾಳೆಗೂ ಸೇರಿ ಒಂದು ಬಳೆ ಹಾಯಿಸಿ, ಬಳೆಯ ಎರಡು ತುದಿ ಕೂಡುವ ಕಡೆ ಬೆಸುಗೆ ಹಾಕಿ ಮುದ್ರೆ ಕೂರಿಸುತ್ತಿದ್ದರು. ಆ ಮುದ್ರೆಯ ಮೇಲೆ ಉಬ್ಬಾಗಿ ನಿಂತ ಪುಟ್ಟ ಹಂದಿ. ಬಳೆ ಕತ್ತರಿಸದೆ ನಡುವೆ ಒಂದು ಹಾಳೆ ಸೇರಿಸಲೂ ಆಗದು, ತೆಗೆಯಲೂ ಆಗದು. ಭೂಮಿ ದಾನ ಪಡೆದವನು ಅದನ್ನು ಮಕ್ಕಳ ಕಾಲಕ್ಕೆ, ಮೊಮ್ಮಕ್ಕಳ ಕಾಲಕ್ಕೆ ಪೆಟ್ಟಿಗೆಯಲ್ಲಿ ಕಾಯ್ದಿಡುತ್ತಿದ್ದ. ಲಾಂಛನ ಎಂಬುದು ಆ ಕಾಲಕ್ಕೆ ಶೋಭೆಯಲ್ಲ, ಬೀಗ. ಅದೇ ವರಾಹ ಬಾದಾಮಿಯ ಮೂರನೆಯ ಗುಹೆಯಲ್ಲಿ, 578ರಲ್ಲಿ ಮಂಗಳೇಶ ಮುಗಿಸಿದ ಗುಹೆಯಲ್ಲಿ, ಆಳೆತ್ತರಕ್ಕೂ ಮೀರಿ ನಿಂತು ಭೂದೇವಿಯನ್ನು ಕೈಯಲ್ಲಿ ಎತ್ತಿಕೊಂಡಿದೆ. ಎಂಟುನೂರು ವರ್ಷ ಕಳೆದು ವಿಜಯನಗರದವರು ಹಂದಿಯನ್ನೇ ಮತ್ತೆ ಎತ್ತಿಕೊಂಡರು. ಅವರ ಹೊನ್ನಿನ ನಾಣ್ಯಕ್ಕೆ ಜನ ವರಹ ಎಂದೇ ಕರೆದರು. ರಾಜ್ಯ ಹೋದ ಮೇಲೂ ವರಹ ಸಂತೆಯಲ್ಲಿ ಓಡಾಡುತ್ತಿತ್ತು.

ಇವರೆಲ್ಲರ ನಡುವೆ ಮುಧೋಳದಲ್ಲೇ ಹುಟ್ಟಿದ ಒಬ್ಬನಿದ್ದಾನೆ. ಮುದುವೊಳಲು ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ಬಳೆಯ ಮಲಾರ ಹೊರಬೇಕಿದ್ದ ಹೆಗಲಿಗೆ ಚಾಲುಕ್ಯ ಚಕ್ರವರ್ತಿಯ ಆಸ್ಥಾನದ ಪದವಿ ಬಂತು. ಧ್ವಜ ನೋಡಿ ಮನುಷ್ಯನನ್ನು ಗುರುತಿಸುವುದು ರನ್ನನಿಗೆ ರಕ್ತಗತ. ಗದಾಯುದ್ಧದಲ್ಲಿ ದುರ್ಯೋಧನನ ಹೆಸರು ಹೇಳಬೇಕಾದ ಎಷ್ಟೋ ಕಡೆ ಹಾವಿನ ಬಾವುಟದವನು ಎಂದೇ ಕರೆಯುತ್ತಾನೆ. ಇಡೀ ಕುರುಕ್ಷೇತ್ರ ಕೋತಿ, ಹಾವು, ಸಿಂಹಗಳ ಬಟ್ಟೆಯಿಂದ ತುಂಬಿದ ಬಯಲು. ಕೊನೆಗೆ ಉಳಿದವನು ಒಬ್ಬ. ವೈಶಂಪಾಯನ ಸರೋವರದ ನೀರೊಳಗೆ ಅಡಗಲು ಹೊರಟವನಿಗೆ ರಥವಿಲ್ಲ, ರಥದ ಮೇಲಿನ ಹಾವೂ ಇಲ್ಲ. ಆದರೂ ಕವಿ ಆ ಹೆಸರನ್ನು ಅವನಿಂದ ಕಿತ್ತುಕೊಳ್ಳುವುದಿಲ್ಲ. ಸೋತವನಿಗೆ ಇಷ್ಟು ಮರ್ಯಾದೆ ಕೊಟ್ಟ ಆಸ್ಥಾನಕವಿಗಳು ಕಡಿಮೆ. ರನ್ನ ತನ್ನದೂ ಒಂದು ಗುರುತು ಕೆತ್ತಿ ಹೋದ ಎನ್ನುತ್ತಾರೆ: ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಅಕ್ಷರಗಳಿವೆ. ಅವು ಅವನ ಕೈಯವೇ ಎಂದು ವಿದ್ವಾಂಸರು ನಂಬುತ್ತಾರೆ. ಪ್ರಾಣಿ ಇಲ್ಲ, ಕಥೆ ಇಲ್ಲ, ಬರೀ ಹೆಸರು.

ಅರಸರಿಗೆ, ಕವಿಗಳಿಗೆ ಇದ್ದದ್ದು ಹಳ್ಳಿಗೆ ಇರಲಿಲ್ಲವೇ? ಇತ್ತು. ಊರ ಗುಡಿಯ ಮುಂದೆ, ಕೆಲವು ಕಡೆ ಊರ ಹೊರಗಿನ ಬೇವಿನ ಬುಡದಲ್ಲಿ, ಎಣ್ಣೆ ಕುಂಕುಮ ಮೆತ್ತಿಕೊಂಡು ನಿಂತ ದಾನಶಾಸನದ ನೆತ್ತಿಯನ್ನು ನೋಡಬೇಕು. ಅಕ್ಷರ ಶುರುವಾಗುವ ಮೊದಲು ಮೇಲ್ಗಡೆ ಒಂದು ಚಿತ್ರಪಟ್ಟಿಕೆ. ನಡುವೆ ಲಿಂಗ, ಜೈನರ ಕಲ್ಲಾದರೆ ಜಿನಮೂರ್ತಿ. ಪಕ್ಕಕ್ಕೆ ಕರುವಿಗೆ ಹಾಲೂಡುತ್ತಿರುವ ಹಸು. ಮೇಲೆ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಎಷ್ಟೋ ಕಲ್ಲುಗಳಲ್ಲಿ ಒಂದು ಕತ್ತಿಯೂ ಇರುತ್ತದೆ. ಓದು ಬಾರದವನಿಗೂ ಅದು ಹೇಳುವುದು ತಿಳಿಯುತ್ತಿತ್ತು: ಸೂರ್ಯಚಂದ್ರರು ಇರುವವರೆಗೆ ಈ ಹೊಲ ಈ ದೇವರದು, ಹಸು-ಕರು ಹೇಗೋ ಹಾಗೆ ಇದನ್ನು ಕಾಯುತ್ತೇವೆ, ಅಳಿದವನಿಗೆ ಗೋವು ಕೊಂದ ಪಾಪ. ಕುದುರೆ, ಗುರಾಣಿ, ಕಿರೀಟ ಒಂದೂ ಇಲ್ಲದೆ ಒಂದು ಊರು ತನ್ನ ಹಕ್ಕನ್ನು ಕಲ್ಲಿನಲ್ಲಿ ಬರೆಸಿಕೊಂಡ ಬಗೆ ಅದು. ತೇರದಾಳದ ನೇಮಿನಾಥ ಬಸದಿಯನ್ನು ಕಟ್ಟಿಸಿದ ಮಾಂಡಲಿಕ ಗೊಂಕನ ಕಾಲದಲ್ಲಿ, 12ನೆಯ ಶತಮಾನದ ಮೊದಲ ಪಾದದಲ್ಲಿ, ಈ ಸೀಮೆಯ ಮೇಲೆ ಹಾರುತ್ತಿದ್ದದ್ದು ಸವದತ್ತಿಯ ರಟ್ಟರ ಚಿನ್ನದ ಗರುಡಧ್ವಜ. ಗರುಡ ಹಾರಿಹೋಯಿತು. ಹಸು-ಕರು ನಿಂತಲ್ಲೇ ಇದೆ.

ಮುಧೋಳ ತಾಲೂಕಿನ ಹಲಗಲಿಯ ಬೇಡರಿಗೆ ಚಿತ್ರವೂ ಬೇಕಿರಲಿಲ್ಲ. ಅವರಿಗೆ ಹತಾರವೇ ಗುರುತು. ಮದುವೆಗೂ ಸಾವಿಗೂ ಮನೆಯ ಕತ್ತಿ ಮುಂದೆ ಬರುತ್ತಿತ್ತು. 1857ರಲ್ಲಿ ಕಂಪನಿ ಸರಕಾರ ಆಯುಧಗಳನ್ನೆಲ್ಲ ತಂದೊಪ್ಪಿಸಿ ಎಂದು ಕಾಯಿದೆ ಮಾಡಿದಾಗ ಹಲಗಲಿ ಕೊಡುವುದಿಲ್ಲ ಎಂದಿತು. ಜಡಗ, ಬಾಲ ಮುಂತಾದವರ ಮುಂದಾಳುತನದಲ್ಲಿ ಸುತ್ತಲಿನ ಊರುಗಳ ಬೇಡರು ಬಂದು ಕೂಡಿದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಮುತ್ತಿಗೆ ಹಾಕಿ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಬಹಿರಂಗವಾಗಿ ಗಲ್ಲಿಗೇರಿಸಿದರು. ಊರು ಬೂದಿಯಾಯಿತು, ಲಾವಣಿ ಉಳಿಯಿತು. ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಬ್ರಿಟಿಷ್ ಸರಕಾರದ್ದೇ ಅಧಿಕಾರಿ ಜೆ.ಎಫ್. ಫ್ಲೀಟ್. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ದೊಡ್ಡ ಗ್ರಂಥ ಬರೆದು ಸಿಂದರ ಹುಲಿಯನ್ನೂ ರಟ್ಟರ ಗರುಡವನ್ನೂ ಚಾಲುಕ್ಯರ ಹಂದಿಯನ್ನೂ ಲೆಕ್ಕವಿಟ್ಟವನು ಅವನೇ. ಕತ್ತಿ ಕಸಿದುಕೊಂಡ ಕೈ, ಹಾಡು ಬರೆದುಕೊಂಡ ಕೈ ಒಂದೇ ಸರಕಾರದ್ದು. ಈ ಗಂಟನ್ನು ಬಿಚ್ಚಲು ನನಗೆ ಇನ್ನೂ ಆಗಿಲ್ಲ.

ಕತ್ತಿ ಕಸಿದುಕೊಂಡ ಇಪ್ಪತ್ತು ವರ್ಷಕ್ಕೆ ಅದೇ ಬ್ರಿಟಿಷರು ನಮ್ಮ ದೊಡ್ಡ ಅರಸರಿಗೆ ಗುರಾಣಿಯ ಚಿತ್ರ ಹಂಚಿದರು. 1877ರ ದಿಲ್ಲಿ ದರಬಾರಿನ ಸಂಭ್ರಮ ಅದು. ವಿಕ್ಟೋರಿಯಾ ಚಕ್ರವರ್ತಿನಿಯಾದಳು ಎಂದು ಸಾರಲು ಕೂಡಿದ ಸಭೆಯಲ್ಲಿ ಸಂಸ್ಥಾನಿಕರಿಗೆ ರೇಷ್ಮೆಯ ನಿಶಾನೆ ಕೊಟ್ಟರು. ಒಂದೊಂದರ ಮೇಲೂ ಯುರೋಪಿನ ಪದ್ಧತಿಯ ಲಾಂಛನ. ರಾಬರ್ಟ್ ಟೇಲರ್ ಎಂಬ ಬಂಗಾಳದ ಸಿವಿಲ್ ಅಧಿಕಾರಿ ಅವನ್ನು ರಚಿಸಿದ; ಕವಿ ಕಿಪ್ಲಿಂಗನ ತಂದೆ ಲಾಕ್‌ವುಡ್ ಕಿಪ್ಲಿಂಗ್ ಕಸೂತಿಯ ಕೆಲಸ ನೋಡಿಕೊಂಡ. ನಿಶಾನೆಗಳು ಎತ್ತಲಾಗದಷ್ಟು ಭಾರವಾಗಿದ್ದವು. ಅಂದಿನಿಂದ ಗುರಾಣಿ, ಅದರ ಎರಡು ಬದಿಗೆ ಎದ್ದು ನಿಂತ ಎರಡು ಪ್ರಾಣಿ, ಕೆಳಗೊಂದು ಸುರುಳಿ ಪಟ್ಟಿ, ಅದರಲ್ಲಿ ಒಂದು ಸಂಸ್ಕೃತ ವಾಕ್ಯ ಎಂಬ ಅಚ್ಚು ದೇಶದ ತುಂಬ ಹರಡಿತು. ಅರಮನೆಯ ತಟ್ಟೆ, ಲಕೋಟೆ, ಸ್ಟಾಂಪು ಕಾಗದ, ಪಟ್ಟೇವಾಲನ ಎದೆಯ ಬಿಲ್ಲೆ, ಎಲ್ಲ ಕಡೆಯೂ ಅದೇ ಬಗೆ. ನೋಡಲು ಅಂದ. ಆದರೆ ತಾಮ್ರದ ಬಳೆಯ ಮೇಲಿನ ಹಂದಿಗೆ ಇದ್ದ ಕೆಲಸ ಅದಕ್ಕಿರಲಿಲ್ಲ.

1948ರ ಮಾರ್ಚ್ 8ಕ್ಕೆ ದಖ್ಖನಿನ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ಸೇರಿದವು. ಮುಧೋಳದ ಬಾವುಟ ಇಳಿಯಿತು. ಜಮಖಂಡಿ, ಸಾಂಗಲಿಗಳದೂ ಇಳಿಯಿತು. ರಬಕವಿಯೂ ಬನಹಟ್ಟಿಯೂ ಮತ್ತೆ ಒಂದೇ ಸರಕಾರದ ಕೆಳಗೆ ಬಂದವು. ಈಗ ಎರಡಕ್ಕೂ ಒಂದೇ ನಗರಸಭೆ, ಒಂದೇ ತಾಲೂಕು. 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದಾಗ ಕಚೇರಿಯ ಕಾಗದದ ಮೇಲೆ ಒಂದು ಹೊಸ ಹಕ್ಕಿ ಬಂದು ಕೂತಿತು. ಎರಡು ತಲೆಯ ಗಂಡಭೇರುಂಡ. ಒಡೆಯರ ಮನೆಯ ಹಕ್ಕಿ. ಇಬ್ಬದಿಗೆ ಸಿಂಹದ ಮೈಗೆ ಆನೆಯ ಸೊಂಡಿಲು ಕೂಡಿದ ಗಜಕೇಸರಿ, ಮೇಲೆ ಅಶೋಕನ ಸಿಂಹಗಳು. ಘಟಪ್ರಭೆಯ ದಂಡೆಯ ರೈತನಿಗೆ ಅದರ ಪರಿಚಯ ಇರಲಿಲ್ಲ. ಹಾಗೆಂದು ಅದೇನೂ ಪರದೇಶಿ ಹಕ್ಕಿಯಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲೇ ಕಂಬದ ತುದಿಗೆ ಭೇರುಂಡವನ್ನು ನಿಲ್ಲಿಸಿದವನು ಕಲ್ಯಾಣ ಚಾಲುಕ್ಯರ ಮಾಂಡಲಿಕ ಚಾವುಂಡರಾಯರಸ. ರನ್ನ ಯಾವ ವಂಶವನ್ನು ಹೊಗಳಿದನೋ ಅದೇ ವಂಶದ ಆಳ್ವಿಕೆ. ಎಂಟೊಂಬತ್ತು ಶತಮಾನ ತೆಂಕಣದಲ್ಲಿ ಸುತ್ತಾಡಿ, ವಿಜಯನಗರ, ಕೆಳದಿ, ಮೈಸೂರು ಎಲ್ಲ ನೋಡಿಕೊಂಡು, ಪಹಣಿ ಪತ್ರದ ಮೇಲೆ ಕೂತು ಊರಿಗೆ ವಾಪಸು ಬಂತು.

ರಬಕವಿ-ಬನಹಟ್ಟಿಯ ನೇಕಾರರು ಇದಕ್ಕೆಲ್ಲ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಪಾವರ್‌ಲೂಮಿನ ಖಡಖಡದಲ್ಲಿ ಅರಸರ ಹೆಸರು ಕೇಳುವುದೂ ಇಲ್ಲ. ಈ ಜಿಲ್ಲೆಯ ಹೆಂಗಸಿಗೆ ಬೇಕಾದ ಲಾಂಛನ ಇಳಕಲ್ ಸೀರೆಯ ಸೆರಗಿನಲ್ಲಿದೆ. ಕೆಂಪು ರೇಷ್ಮೆಯ ಮೇಲೆ ಬಿಳಿಯ ತೆನಿ. ಒಂದು ಬಗೆಯಲ್ಲಿ ಬಾಚಣಿಗೆಯ ಹಲ್ಲು, ಇನ್ನೊಂದರಲ್ಲಿ ಕೋಟೆಯ ತೆನೆ, ಮತ್ತೊಂದರಲ್ಲಿ ಜೋಳದ ತೆನೆ. ಸಂತೆಯ ಗದ್ದಲದಲ್ಲಿ ಬೆನ್ನ ಮೇಲಿನ ತೆನಿ ನೋಡಿಯೇ ಇಂಥ ಸೀಮೆಯವಳು ಎಂದು ಗುರುತು ಹಿಡಿಯುತ್ತಾರೆ.

ಇವತ್ತಿನ ಮುಧೋಳಕ್ಕೆ ಬನ್ನಿ. ಊರಿನ ಗುರುತು ಯಾವುದು ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ಓದಿದವರು ರನ್ನ ಎನ್ನುತ್ತಾರೆ, ಉಳಿದವರು ನಾಯಿ ಎನ್ನುತ್ತಾರೆ. ಓದಿದವರೂ ರನ್ನನ ಬೆನ್ನಿಗೆ ನಾಯಿಯನ್ನು ಸೇರಿಸದೆ ಬಿಡುವುದಿಲ್ಲ. ನೀಳ ಮೋರೆ, ಜೋಲುವ ಕಿವಿ, ಆಳವಾದ ಎದೆ, ಬೆನ್ನಿಗೆ ಹತ್ತಿದಂತೆ ಮೇಲೇರಿದ ಹೊಟ್ಟೆ, ಎಣಿಸಲು ಬರುವಂತೆ ಕಾಣುವ ಪಕ್ಕೆಲುಬು. ಊಟ ಹಾಕಿಲ್ಲವೇ ಎಂದು ಹೊರಗಿನವರು ಮರುಗುತ್ತಾರೆ. ಮೊಲದ ಹಿಂದೆ ಬಿಟ್ಟಾಗ ಗೊತ್ತಾಗುತ್ತದೆ ಆ ತೆಳುಮೈ ಯಾತಕ್ಕೆ ಎಂದು. ಬೇಡರು ಬೇಟೆಗೆ ಸಾಕಿಕೊಂಡಿದ್ದ ಈ ತಳಿಯನ್ನು ಗುರುತಿಸಿ ಬೆಳೆಸಿದ ಕೀರ್ತಿ, ಹಳೆಯ ಮಾಲೋಜಿಯದೇ ಹೆಸರಿನ ಮುಂದಿನ ಅರಸ ಮಾಲೋಜಿರಾವ್ ಘೋರ್ಪಡೆಯವರದು. ಅವರು ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು, ಮುಧೋಳ ಹೌಂಡ್ ಎಂಬ ಹೆಸರು ಅಲ್ಲಿಂದ ಬಿತ್ತು ಎಂದು ಊರಲ್ಲಿ ಮಕ್ಕಳೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. ತಿಮ್ಮಾಪುರದಲ್ಲಿ ಬೀದರ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮರಿಗಳು ಮೇರಠ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋಗಿವೆ. ಅರಮನೆ ತನ್ನ ಹೆಸರಿಗೆ ಉಡವನ್ನು ಆರಿಸಿತ್ತು. ಊರು ಯಾರ ಅಪ್ಪಣೆಯೂ ಇಲ್ಲದೆ ನಾಯಿಯನ್ನು ಆರಿಸಿಕೊಂಡಿತು.

ತಿಮ್ಮಾಪುರದ ಕಡೆಯ ಹೊಲದ ಮನೆಯೊಂದರಲ್ಲಿ ಎರಡು ಹೆಣ್ಣುನಾಯಿ ಸಾಕಿಕೊಂಡಿದ್ದ ಮುದುಕರೊಬ್ಬರ ಕಟ್ಟೆಯ ಮೇಲೆ ಕೂತಿದ್ದೆ. ಚಹಾ ಬಂತು. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

“ಕಾಕಾ, ನಾಯಿ ಚಿತ್ರ ಎಲ್ಲಾ ಕಡೆ ಐತಿ. ಘೋರ್ಪಡೆಯವರ ಉಡದ್ದು ಎಲ್ಲೂ ಕಾಣವಲ್ದಲ್ಲ?”

“ಉಡದ ಹೆಸರ ತಗೀಬ್ಯಾಡ್ರಿ ಸರ. ಮದಲ ಸೊಂಟನೋವಿಗೆ ಔಷಧ ಅಂತ ಹೊಡದ ತಿಂತಿದ್ರು. ಈಗ ಮುಟ್ಟಿದ್ರ ಫಾರೆಸ್ಟಿನವ್ರು ಒಯ್ದ ಒಳಗ ಹಾಕ್ತಾರ.”

ಸುಳ್ಳಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲೇ ಉಡ ಇದೆ, ಹುಲಿಯ ಸಾಲಿನಲ್ಲಿ.

“ಈಗೂ ಅದಾವೇನು ಈ ಕಡೆ?”

“ಕಬ್ಬಿನ್ಯಾಗ ಬೇಕಾದಷ್ಟ ಅದಾವ. ಹ್ವಾದ ವರ್ಷ ಈಕಿನ ಬೆನ್ನ ಹತ್ತಿದ್ಲು ನೋಡ್ರಿ ಒಂದಕ್ಕ.” ಕಾಕಾ ಕಾಲ ಬುಡದಲ್ಲಿ ಮಲಗಿದ್ದ ನಾಯಿಯ ಕಡೆ ಗದ್ದ ತೋರಿಸಿದರು. “ಅದು ಒಡ್ಡಿನ ಸಂದ್ಯಾಗ ಹೊಕ್ಕ ಕುಂತಬಿಡ್ತು. ಈಕಿ ಮುಂಜಾನಿಂದ ಕೆಬರಿದ್ಲು, ಬೊಗಳಿದ್ಲು. ಮಧ್ಯಾಹ್ನ ಆದ್ರೂ ಅದು ಹೊರಗ ಬರ್ಲಿಲ್ಲ.”

“ಕಡೀಕ ಯಾರ ಗೆದ್ರು?”

“ಯಾರ ಗೆಲ್ತಾರ್ರಿ, ಈಕಿಗಿ ಹೊಟ್ಟಿ ಹಸೀತು, ಮನಿಗಿ ಬಂದ್ಲು.”